ಟಗರು ಮೈ ಕೊಡವಲಿಲ್ಲ

ಪೆನ್ನಾಗರಂ ಸೀಮೆಯ ಸಮಸ್ತ ಜನರೂ ಗಮನವಿಟ್ಟು ಕೇಳಬೇಕಾದ ಅತ್ಯಂತ ಗಂಭೀರ ಸಂಗತಿಯೊಂದನ್ನು ಮೊದಲಿಗೇ ಹೇಳಿಬಿಡಬೇಕು. ಆ ಮಂಗಳವಾರ ಬೆಳಿಗ್ಗೆ, ಮಾರಮ್ಮನ ಗುಡಿಯ ಮುಂದೆ, ಒಂದು ಟಗರು ಮೈ ಕೊಡವಲಿಲ್ಲ.

ನೆತ್ತಿಯಿಂದ ಬಾಲದವರೆಗೆ ಅರಿಸಿನದ ನೀರು ಸುರಿದಾಗಿತ್ತು. ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಿತ್ತು. ಟಗರು ಮಾತ್ರ ಕತ್ತು ತಿರುಗಿಸಿ, ತನ್ನ ಕೊರಳ ಹಾರದ ಬೇವಿನ ಸೊಪ್ಪನ್ನೇ ಮೇಯುತ್ತಿತ್ತು.

ಆ ಊರಿನಲ್ಲಿ ಯಾವ ದೊಡ್ಡ ಕೆಲಸಕ್ಕೂ ಮೊದಲು ಅಮ್ಮನನ್ನು ಕೇಳಬೇಕು. ಅಮ್ಮ ಬಾಯಿಬಿಟ್ಟು ಹೇಳುವವಳಲ್ಲ. ಟಗರಿನ ಮೈಯಲ್ಲಿ ಹೇಳುತ್ತಾಳೆ. ನೀರು ಹಾಕಿದಾಗ ಅದು ಮೈ ಕೊಡವಿದರೆ ಒಪ್ಪಿಗೆ. ಸುಮ್ಮನಿದ್ದರೆ ಇಲ್ಲ. ಒಪ್ಪಿಗೆ ಕೊಟ್ಟ ಟಗರನ್ನು ಅಲ್ಲೇ ಕಡಿದು ಊರಿಗೆ ಊಟ ಹಾಕುತ್ತಾರೆ. ಒಪ್ಪದ ಟಗರು ಬದುಕಿಕೊಂಡು ಹಟ್ಟಿಗೆ ಮರಳುತ್ತದೆ. ಈ ನಿಯಮ ಟಗರುಗಳಿಗೆ ಗೊತ್ತಿದ್ದಿದ್ದರೆ ಆ ಸೀಮೆಯಲ್ಲಿ ಇದುವರೆಗೆ ಒಂದು ಬೋರ್‌ವೆಲ್ಲೂ ಕೊರೆಯುತ್ತಿರಲಿಲ್ಲ, ಒಂದು ಮದುವೆಯೂ ಆಗುತ್ತಿರಲಿಲ್ಲ.

ಅವತ್ತು ಕೇಳುತ್ತಿದ್ದದ್ದು ಬೋರ್‌ವೆಲ್ಲಿನ ವಿಷಯ.

ಅಷ್ಟರಲ್ಲಿ ಸ್ಕೂಟಿ ನಿಲ್ಲಿಸಿ, ಹೆಗಲಿಗೆ ಲಸಿಕೆಯ ಪೆಟ್ಟಿಗೆ ತೂಗುಹಾಕಿಕೊಂಡು ಮಾಲಾ ಬಂದಳು.

ಮಾಲಾ ಸೇಲಂನ ನೇಕಾರರ ಮನೆಯ ಮಗಳು. ಮನೆಮಾತು ಕನ್ನಡ, ಓದಿದ್ದು ತಮಿಳು. ಮೊಟ್ಟೆ ಕೂಡ ಆ ಮನೆಯ ಹೊಸಿಲು ದಾಟಿದ್ದಿಲ್ಲ. ಪೆನ್ನಾಗರಂನ ದನದಾಸ್ಪತ್ರೆಗೆ ಜಾನುವಾರು ಇನ್ಸ್‌ಪೆಕ್ಟರ್ ಆಗಿ ಬಂದು ತಿಂಗಳಾಗಿರಲಿಲ್ಲ. ಕುರಿಗಳಿಗೆ ಸೂಜಿ ಹಾಕಲು ಬಂದವಳಿಗೆ ಕಂಡದ್ದು ಇಷ್ಟೇ: ಒದ್ದೆಯಾದ ಒಂದು ಟಗರು, ಅದನ್ನೇ ದಿಟ್ಟಿಸುತ್ತಿರುವ ಒಂದು ಊರು.

"ಏನಣ್ಣಾ, ಮೈ ಒದರ್ಬೇಕಾ ಇದು?" ಅಂದಳು, ಟಗರು ಹಿಡಿದು ನಿಂತಿದ್ದವನನ್ನು ನೋಡಿ. "ಅದಕ್ಕೆ ಇಷ್ಟ್ ಜನ ಯಾಕೆ? ಕಿವಿಯೊಳಗೆ ಒಂದು ಹನಿ ಬುಟ್ರೆ ತಾನಾಗೇ ಒದ್ರುತ್ತೆ."

ಹೇಳಿದ್ದಷ್ಟೇ ಅಲ್ಲ, ಬಿಂದಿಗೆಯಲ್ಲಿದ್ದ ಬೇವಿನ ಕಡ್ಡಿಯನ್ನೂ ಎತ್ತಿದಳು!

ಮರುಕ್ಷಣ ಅವಳ ಮಣಿಕಟ್ಟು ಒಂದು ಒರಟು ಕೈಯೊಳಗಿತ್ತು.

"ಬ್ಯಾಡ! ಮುಟ್ಬ್ಯಾಡಿ!"

ಮಾಲಾ ಅವನನ್ನು ನೋಡಿದಳು. ಅಗಲವಾದ ಕಪ್ಪು ಮುಖ, ಕಿವಿಯಲ್ಲಿ ಸಣ್ಣ ಚಿನ್ನದ ಒಂಟಿ. ಬೈಯುತ್ತಾನೆ ಅಂದುಕೊಂಡಳು. ಆದರೆ ಆ ಕಣ್ಣಲ್ಲಿ ಕೋಪವೇ ಇರಲಿಲ್ಲ… ಹೆದರಿಕೆ ಇತ್ತು. ಅವಳ ಕೈ ಹಿಡಿದಿದ್ದ ಬೆರಳುಗಳು ನಡುಗುತ್ತಿದ್ದವು.

"ಬುಡ್ಲಾ ಮುನಿರಾಜು, ಸೇಲಂ ಉಡ್ಗಿ, ಅದ್ಕೇನ್ ಗೊತ್ತು," ಎಂದ ಪೂಜಾರಿ. ಅವನ ಹೆಸರು ಚಿಕ್ಕಪ್ಪ. ಹುಟ್ಟಿದಾಗ ಇಟ್ಟ ಹೆಸರು, ಯಾರಿಗೂ ಚಿಕ್ಕಪ್ಪನಲ್ಲ.

ಮುನಿರಾಜು ಕೈ ಬಿಟ್ಟ. ತಗ್ಗಿದ ದನಿಯಲ್ಲಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ ಹೇಳಿದ: "ಅಮ್ಮನ ಮುಂದೆ ಅಂಗೆಲ್ಲ ಮೋಸ ಮಾಡ್ಬಾರ್ದು ಡಾಕ್ಟ್ರಮ್ಮಾ. ನನಗಲ್ಲ… ನಿಮಗೇನಾರ ಆಗ್ಬುಟ್ರೆ?"

ಅವತ್ತು ಬೋರ್‌ವೆಲ್ ನಿಂತಿತು. ಮಾಲಾಳಿಗೆ ನಿದ್ದೆಯೂ ನಿಂತಿತು. 'ಹೆಸರು ಗೊತ್ತಿಲ್ಲ, ಪರಿಚಯವಿಲ್ಲ… ನನಗೇನಾದರೂ ಆಗಿಬಿಟ್ಟರೆ ಅಂತ ಅವನಿಗ್ಯಾಕೆ ನಡುಕ?'

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ಹೆಣ್ಣು ಎಲ್ಲಿಗೆ ಮುಟ್ಟುತ್ತಾಳೆಂದು ಎಲ್ಲರಿಗೂ ಗೊತ್ತು, ಅವಳೊಬ್ಬಳನ್ನು ಬಿಟ್ಟು.

* * *

ಸೂಜಿ ಹಾಕುವ ದಿನಗಳಲ್ಲಿ ಮುನಿರಾಜುವೇ ಕುರಿ ಹಿಡಿಯಲು ನಿಲ್ಲುತ್ತಿದ್ದ. ಅವಳ ಲಸಿಕೆಯ ಪೆಟ್ಟಿಗೆಯನ್ನು ಹಾಲಿನ ಚೆಂಬಿನಷ್ಟು ಜೋಪಾನವಾಗಿ ನೆರಳಿನಿಂದ ನೆರಳಿಗೆ ಹೊತ್ತು ನಡೆಯುತ್ತಿದ್ದ. ಅವನ ಒಂದು ಕರಿ ಟಗರಿಗೆ ಜ್ವರ ಬಂದು ಕಾಲು ಮಡಚಿ ಬಿದ್ದಾಗ ಮಾಲಾ ಮೂರು ದಿನ ಬಂದು ಹೋದಳು. ಟಗರು ಎದ್ದಿತು. ಎದ್ದ ಮೇಲೂ ಮಾಲಾ ಬರುವುದು ನಿಲ್ಲಲಿಲ್ಲ.

"ಈಗ ಎಂಗೈತಣ್ಣಾ ಕರಿಯ?"

"ಕರಿಯ ಚೆನ್ನಾಗವ್ನೆ." ಅವನು ನೆಲ ನೋಡಿದ. "ನನ್ನ ಅಣ್ಣಾ ಅನ್ಬ್ಯಾಡಿ."

"ಇನ್ನೇನಂತ ಕೂಗ್ಲಿ? ನಮ್ಮೂರಲ್ಲಿ ಬಸ್ ಕಂಡಕ್ಟರೂ ಅಣ್ಣನೇ."

"ಕಂಡಕ್ಟರ್ನ ಅಂದ್ಕಳಿ. ನನ್ನ ಬ್ಯಾಡ."

ಮಾಲಾ ನಕ್ಕಳು. ನಕ್ಕ ಮೇಲೆ ಅವನು ಹೇಳಿದ್ದೇನೆಂದು ಅರ್ಥವಾಯಿತು… ಕೆನ್ನೆ ಬಿಸಿಯಾಯಿತು. ಅವನು ಆಗಲೇ ಕುರಿ ಹಿಂದೆ ಹೋಗಿಯಾಗಿತ್ತು, ಹೋಗಬೇಕಾದ ಕುರಿ ಯಾವುದೂ ಇಲ್ಲದಿದ್ದರೂ.

ಅಲ್ಲಿಂದ ಮುಂದೆ ಅಣ್ಣ ಅನ್ನುವುದು ಬಿದ್ದುಹೋಯಿತು. ಡಾಕ್ಟ್ರಮ್ಮ ಅನ್ನುವುದೂ ನಿಧಾನವಾಗಿ ಮಾಲಾ ಆಯಿತು. ಸೇಲಂನಲ್ಲಿ ಮಗ್ಗದ ಮುಂದೆ ಕೂತಿದ್ದ ಅಪ್ಪ ಲಕ್ಷ್ಮಣನ್‌ಗೆ ಅವಳೇ ಫೋನ್ ಮಾಡಿ ಹೇಳಿದಳು. ಮಗ್ಗದ ಸದ್ದು ನಿಂತಿತು. ತುಂಬ ಹೊತ್ತು ನಿಂತೇ ಇತ್ತು.

"ಬೇರೆ ಜನ. ಕುರಿ ತಿನ್ನೋರು," ಅಂದ ಅಪ್ಪ ಕೊನೆಗೆ.

"ಅವರು ತಿಂತಾರೆ. ನಾನು ತಿನ್ನಲ್ಲ ಅಪ್ಪಾ."

"ಒಳ್ಳೆ ಹುಡುಗನಾ?"

"ಊಂ."

"ಮದ್ವೆ ಹೆಸರಲ್ಲಿ ರಕ್ತ ಬೀಳಬಾರ್ದು. ಅಷ್ಟೇ ನಾನು ಕೇಳೋದು. ಆಮೇಲೆ ನಿನ್ ಇಷ್ಟಂ."

ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ಮಾಲಾ ಸಂತೋಷಪಟ್ಟಳು. ಸುಲಭವಾಗಿ ಮುಗಿಯುವ ವಿಷಯಗಳ ಬಗ್ಗೆ ಅವಳಿಗೆ ಅನುಭವ ಕಡಿಮೆ.

* * *

"ಅಜ್ಜಿ ಒಪ್ಕಂಡದೆ," ಅಂದ ಮುನಿರಾಜು. ಇಬ್ಬರೂ ಹುಣಸೆಮರದ ಕೆಳಗೆ ಬಂಡೆಯ ಮೇಲೆ ಕೂತಿದ್ದರು. "ಜಾತಿ ಗೀತಿ ಏನೂ ಅನ್ನಲಿಲ್ಲ. ಆದ್ರೆ ಅಮ್ಮನ ಕೇಳ್ಬೇಕಂತೆ."

"ಅಂದ್ರೆ?"

"ಕರಿಯನ ನಿಲ್ಸಿ."

ಮಾಲಾಳ ಮುಖ ಬೆಳ್ಳಗಾಯಿತು. "ಅದು ಒದ್ರಿದ್ರೆ?"

"ಮದ್ವೆ."

"ಮದ್ವೆ ಗೊತ್ತು! ಕರಿಯನ್ಗೆ ಏನ್ ಮಾಡ್ತೀರಾ?"

ಅವನು ಬಂಡೆಯ ಮೇಲೆ ಬಿದ್ದಿದ್ದ ಹುಣಸೆ ಎಲೆಗಳನ್ನು ಕೈಯಿಂದ ಸವರಿಹಾಕಿದ.

"ನಾನು ಸೂಜಿ ಹಾಕಿ ಬದುಕಿಸಿದ್ನ… ನನ್ನ ಮದ್ವೆಗೆ ಊಂ ಅಂದ ತಪ್ಪಿಗೆ ಕಡೀತೀರಾ?" ಅವಳು ಅವನ ಕಡೆ ತಿರುಗಿದಳು. "ಒದರಿಲ್ಲ ಅಂದ್ರೆ?"

"ಒದರ್ತಾನೆ."

"ಒದರಿಲ್ಲ ಅಂದ್ರೆ ರಾಜು?"

ಅವನು ಮುಖ ಆಚೆ ತಿರುಗಿಸಿದ.

"ನೀನು ಮದ್ವೆ ಮಾಡ್ಕೊಳೋದು ನನ್ನನ್ನಾ, ಅಜ್ಜಿ ಮಾತನ್ನಾ? ಒಂದು ಕುರಿ ಮೈಮೇಲೆ ನೀರು ಬಿದ್ರೆ ಅದಕ್ಕೆ ಕಚಗುಳಿ ಆಗುತ್ತೆ, ಒದರುತ್ತೆ. ಅದರಲ್ಲಿ ದೇವರೆಲ್ಲಿಂದ ಬಂತು?"

"ನಮ್ಮಣ್ಣ ಕೇಳಲಿಲ್ಲ," ಅಂದ ಅವನು ಮೆಲ್ಲಗೆ. "ಶಂಕಗಿರೀಲಿ ಲಾರಿ ಓಡಿಸ್ತಿದ್ದ. ಅಲ್ಲೇ ಉಡ್ಗಿ ನೋಡ್ಕಂಡ, ಅಮ್ಮನ್ನ ಕೇಳ್ದೆ ತಾಳಿ ಕಟ್ದ. ವರ್ಸ ತುಂಬಲಿಲ್ಲ, ಲಾರಿ ಉರುಳ್ತು."

"ಬ್ರೇಕ್ ಫೇಲ್ ಆಗಿ ಉರುಳ್ತು ಅಂತ ನೀನೇ ಹೇಳಿದ್ದೆ!"

"ಊಂ. ಬ್ರೇಕ್ ಯಾಕ್ ಫೇಲಾಯ್ತು?"

ಇದಕ್ಕೆ ಯಾವ ಓದಿನಲ್ಲೂ ಉತ್ತರವಿಲ್ಲ ಎಂಬುದು ಮಾಲಾಳಿಗೆ ಹೊಳೆಯಿತು. ಉತ್ತರವಿದೆ, ಕೇಳುವವನಿಗೆ ಬೇಕಾದ ಉತ್ತರವಿಲ್ಲ.

"ಕೇಳ್ದೆ ನಿನ್ನ ಕಟ್ಕಂಡ್ರೆ," ಅಂದ ಅವನು, "ನಾನು ಜೀವ ಇರಗಂಟ ನೀನು ಉಸಿರಾಡ್ತಿದೀಯಾ ಅಂತ ನೋಡ್ಕಂಡು ಕೂತಿರ್ತೀನಿ. ಅಂತ ಗಂಡ ನಿನಗೆ ಬ್ಯಾಡ ಮಾಲಾ."

ಅವಳ ಕಣ್ಣು ತುಂಬಿತು. ಕೋಪಕ್ಕೋ, ಪ್ರೀತಿಗೋ ಅವಳಿಗೇ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು, ನಗಿಸಲೆಂದೇ ಹೇಳಿದಳು: "ಸರಿ, ಬರ್ತೀನಿ. ನೀರು ಹಾಕೋದು ಮದ್ವೆ ಹೆಣ್ಣೇ ಅಲ್ವಾ? ಕಿವಿಗೆ ಒಂದು ಹನಿ ಬುಟ್ರೆ ಮುಗೀತು. ಯಾರಿಗೆ ಗೊತ್ತಾಗುತ್ತೆ?"

ಅವನು ನಗಲಿಲ್ಲ. ಸತ್ತವನ ಹಾಗೆ ಬಿಳಿಚಿಕೊಂಡ.

"ತಮಾಸೆಗೂ ಅನ್ಬ್ಯಾಡ ಕಣೆ. ಸತ್ಯಮಾ ಅನ್ಬ್ಯಾಡ."

* * *

ಗುಡಿಯ ಮುಂದೆ ಕರಿಯ ನಿಂತಿದ್ದ. ಮುನಿರಾಜು ಕೊಂಬು ಹಿಡಿದಿದ್ದ. ಒಂದು ಪಕ್ಕದಲ್ಲಿ ಅಜ್ಜಿ ಪಾಪಮ್ಮ, ಕೋಲೂರಿ, ಕಣ್ಣು ಕಿರಿದು ಮಾಡಿಕೊಂಡು.

ಮಾಲಾ ಹೊಸ ಸೀರೆ ಉಟ್ಟಿದ್ದಳು. ಅಪ್ಪನೇ ನೇಯ್ದದ್ದು. ಅದರ ಸೆರಗು ಅವಳ ಬೆವರಿದ ಅಂಗೈಯಲ್ಲಿ ಮುದುಡಿಹೋಗಿತ್ತು.

ಕೊಡವಿದರೆ ಕರಿಯ ಹೋಗುತ್ತಾನೆ, ರಕ್ತ ಬೇಡವೆಂದ ಅಪ್ಪನ ಮಾತೂ ಹೋಗುತ್ತದೆ. ಕೊಡವದಿದ್ದರೆ ರಾಜು ಹೋಗುತ್ತಾನೆ. ಇದರಲ್ಲಿ ಯಾವುದಕ್ಕೆ ಹೆದರಬೇಕೆಂದು ಅವಳು ಬೆಳಗಿನಿಂದ ಯೋಚಿಸಿ, ಎರಡಕ್ಕೂ ಹೆದರುವುದೆಂದು ತೀರ್ಮಾನಿಸಿದ್ದಳು. ಈಗ ಮೂರನೆಯದೊಂದು ಹುಟ್ಟಿಕೊಂಡಿತ್ತು: ತನ್ನ ಕೈಯ ಹೆದರಿಕೆ.

ದೇವರಿಲ್ಲ, ಟಗರಿನ ಮೈಯಲ್ಲಿ ಯಾರೂ ಇಲ್ಲ ಎಂದು ನಂಬಿದವಳು ಅವಳೇ. ಹಾಗಿದ್ದ ಮೇಲೆ ಹೆದರಿಕೆ ಯಾಕೆ?

"ಉಯ್ಯಮ್ಮಾ," ಎಂದ ಪೂಜಾರಿ ಚಿಕ್ಕಪ್ಪ, ಚೊಂಬು ಕೊಟ್ಟು.

ಬೆನ್ನ ಮೇಲೆ ಸುರಿದಳು. ನೀರು ಕಪ್ಪು ಉಣ್ಣೆಯೊಳಗೆ ಇಂಗಿತು. ಕತ್ತಿನ ಮೇಲೆ ಸುರಿದಳು. ಕರಿಯ ಕಣ್ಣು ಮುಚ್ಚಿ ತೆರೆದ, ಅಷ್ಟೇ.

"ಅಮ್ಮಾ, ಮಾರಮ್ಮಾ, ವರ ಕೊಡವ್ವಾ!"

ತಮಟೆ ಜೋರಾಯಿತು. ಚೊಂಬಿನಲ್ಲಿ ಇನ್ನೊಂದಿಷ್ಟು ನೀರಿತ್ತು. ಕರಿಯನ ಕಿವಿ ಅವಳ ಬೆರಳಿಗೆ ಎಟಕುವಷ್ಟು ದೂರದಲ್ಲಿ, ದೊನ್ನೆಯ ಹಾಗೆ ಬಾಗಿ ನಿಂತಿತ್ತು. 'ಒಂದು ಹನಿ… ಒಂದೇ ಒಂದು ಹನಿ ಬಿದ್ದರೆ ಸಾಕು. ರಾಜು ನನ್ನವನು!'

ಕೈ ಮುಂದಕ್ಕೆ ಹೋಯಿತು.

ತಲೆಯೆತ್ತಿ ಅವನನ್ನು ನೋಡಿದಳು. ಊರೆಲ್ಲ ಟಗರನ್ನು ನೋಡುತ್ತಿತ್ತು. ಅವನೊಬ್ಬ ಅವಳ ಕೈಯನ್ನೇ ನೋಡುತ್ತಿದ್ದ. ಮೊದಲ ದಿನ ಕಂಡ ಅದೇ ಹೆದರಿಕೆ. ಮುಂದಿನದನ್ನು ನೋಡಲಾರದೆ ಅವನು ಕಣ್ಣು ಮುಚ್ಚಿಕೊಂಡ.

'ಇವನಿಗೆ ಇದು ಆಟ ಅಲ್ಲ. ಇವತ್ತು ಇವನ ದೇವರಿಗೆ ಮೋಸ ಮಾಡಿ ಇವನನ್ನು ಪಡೆದರೆ, ನಾಳೆ ಇವನ ಪಕ್ಕದಲ್ಲಿ ಹೇಗೆ ಮಲಗಲಿ?'

ಕೈ ಹಿಂದಕ್ಕೆ ಬಂತು. ಉಳಿದ ನೀರನ್ನೂ ಬೆನ್ನ ಮೇಲೆಯೇ ಸುರಿದು ಚೊಂಬು ಕೆಳಗಿಟ್ಟಳು.

ಕಾದರು. ನೊಣ ಬಂದು ಕರಿಯನ ಮೂಗಿನ ಮೇಲೆ ಕೂತಿತು. ಎದ್ದು ಹೋಯಿತು. ತಮಟೆಯವನ ಕೈ ಸೋತಿತು.

ಕರಿಯ ಮೈ ಕೊಡವಲಿಲ್ಲ.

"ಆಗೋಯ್ತು," ಅಂದಳು ಪಾಪಮ್ಮ. ಅವಳ ದನಿಯಲ್ಲಿ ಗೆಲುವಿರಲಿಲ್ಲ, ಅದೇ ಇನ್ನೂ ಕಷ್ಟ. "ಬ್ಯಾಡ ಅಂದ್ಬುಟ್ಳು ತಾಯಿ. ನಿನ್ ತಪ್ಪಲ್ಲ ಕಣ್ಮಗಾ. ಓಗು, ಬಿಸ್ಲು ಏರ್ತದೆ."

ಮಾಲಾ ಮುನಿರಾಜುವನ್ನು ನೋಡಿದಳು. ಒಂದು ಮಾತು… ಒಂದೇ ಒಂದು ಮಾತು ಆಡು!

ಅವನು ಕೊಂಬು ಬಿಟ್ಟು ತಲೆ ತಗ್ಗಿಸಿದ. ತಗ್ಗಿಸಿದ ತಲೆ ಎತ್ತಲೇ ಇಲ್ಲ.

* * *

ಕಾರಿಮಂಗಲಂಗೆ ವರ್ಗ ಬೇಕೆಂದು ಮಾಲಾ ಆಫೀಸಿನಲ್ಲಿ ಕೇಳಿಕೊಂಡಳು. 'ಒಂದು ಕುರಿ ಬೇಡ ಅಂದಿದ್ದಕ್ಕೆ ಬಿಟ್ಟುಬಿಟ್ಟ. ಸ್ವಲ್ಪವೂ ಜಗಳ ಆಡಲಿಲ್ಲ… ನಾನು ಅವನಿಗಾಗಿ ಕೈ ಹಿಂದಕ್ಕೆ ತೆಗೆದೆನಲ್ಲ, ಅದೂ ಗೊತ್ತಿಲ್ಲ ಅವನಿಗೆ.'

ವರ್ಗದ ಕಾಗದ ಬರುವ ಮೊದಲು ಪೂಜಾರಿಯ ಫೋನ್ ಬಂತು.

"ಡಾಕ್ಟ್ರಮ್ಮಾ, ಆ ಕರಿ ಟಗರು ತಲೆ ವಾರೆ ಮಾಡ್ಕಂಡು ಗರಗರ ತಿರುಗ್ತದೆ. ಮೇಯಾಕಿಲ್ಲ. ನೀವು ಬರಾದಾದ್ರೆ ಬನ್ನಿ, ಇಲ್ಲ ಅಂದ್ರೆ ಬೇರೆ ಯಾರ್ನಾರ ಕಳ್ಸಿ."

ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೂ ಅವಳೇ ಹೋಗುತ್ತಿದ್ದಳು ಎನ್ನುವುದನ್ನು ಇಲ್ಲಿ ಒತ್ತಿ ಹೇಳುವ ಅಗತ್ಯವಿಲ್ಲ.

ಹಟ್ಟಿಯಲ್ಲಿ ಪಾಪಮ್ಮ ಕೂತಿದ್ದಳು. ಮುನಿರಾಜು ಟಗರು ಹಿಡಿದ. ಅವನ ಕಣ್ಣು ಗುಳಿಬಿದ್ದಿತ್ತು. ಮಾಲಾ ಅವನ ಕಡೆ ನೋಡದೆ ಕರಿಯನ ಕಿವಿ ಮಡಚಿ ಟಾರ್ಚ್ ಬಿಟ್ಟಳು. ಕೀವು. ಅದರ ಹಿಂದೆ ಏನೋ ಬಿಳಿಯದು. ಚಿಮುಟದಲ್ಲಿ ಹಿಡಿದು ಮೆಲ್ಲಗೆ ಎಳೆದಳು.

ಬಂತು. ಹರಳೆಣ್ಣೆಯ ವಾಸನೆಯ, ಹೊಸೆದು ಉಂಡೆ ಮಾಡಿದ ಬಿಳಿ ಉಣ್ಣೆ.

ಕರಿಯ ಕಪ್ಪು ಟಗರು. ತನ್ನ ಕಿವಿಗೆ ತಾನೇ ಬಿಳಿ ಉಣ್ಣೆ ಹೊಸೆದು ಇಟ್ಟುಕೊಳ್ಳುವ ಟಗರು ಇನ್ನೂ ಹುಟ್ಟಿಲ್ಲ.

ಕಿವಿ ಮುಚ್ಚಿದ್ದರೆ ನೀರು ಒಳಗಿಳಿಯುವುದಿಲ್ಲ… ಯಾರೋ… ಯಾರೋ ಬೇಕೆಂದೇ…

ನಿಧಾನವಾಗಿ ಪಾಪಮ್ಮನ ಕಡೆ ತಿರುಗಿದಳು. "ಅಜ್ಜಿ… ನಾನು ನಿಮ್ಮನೆಗೆ ಬರೋದು ಬ್ಯಾಡ ಅಂದಿದ್ರೆ ಬಾಯಲ್ಲಿ ಹೇಳ್ಬೋದಿತ್ತು. ಈ ಬಾಯಿಲ್ಲದ ಜೀವಕ್ಕೆ ಯಾಕೆ ಇಂಗೆ ಮಾಡಿದ್ರಿ?"

"ಏನಂತೀಯಮ್ಮೀ? ಏನದು?" ಪಾಪಮ್ಮ ಕಣ್ಣು ಕಿರಿದುಗೊಳಿಸಿದಳು.

"ಅಜ್ಜಿ ಅಲ್ಲ." ಮುನಿರಾಜುವಿನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ನಾನು."

ಮಾಲಾ ಚಿಮುಟ ಕೆಳಗಿಟ್ಟು ಅವನ ಕಡೆ ತಿರುಗಿದಳು.

"ಅಮ್ಮನ ಕೇಳೋ ಮುಂಚಿನ ದಿನವೇ ಎರಡು ಕಿವಿಗೂ ಕಾಣದಂಗೆ ಇಟ್ಟೆ. ಆಮೇಲೆ ತೆಗೀವಾಗ ಇದೊಂದು ಒಳೀಕ್ ಓಯ್ತು. ಯಾರ್ ತಾವ ಏಳ್ಲಿ?"

"ಅಂದ್ರೆ… ನಿನಗೆ ನಾನು ಬ್ಯಾಡವಾಗಿದ್ನಾ?"

"ಅಯ್ಯೋ ಇಲ್ಲ ಕಣೆ!" ಅವನು ಟಗರು ಬಿಟ್ಟು ಎದ್ದ. "ನೀನು ಕಿವಿಗೆ ಬುಡ್ತೀಯ ಅಂತ! ಅವತ್ತು ಬಂಡೆ ಮೇಲೆ ಅಂದ್ಯಲ್ಲ… ಬುಟ್ಬುಟ್ರೆ, ಅಮ್ಮಂಗೆ ಕ್ವಾಪ ಬಂದು ನಿನಗೇನಾರ ಆಗ್ಬುಟ್ರೆ? ಅಣ್ಣನ್ನ ನಾನು ರೋಡಿಂದ ಎತ್ಕಂಡ್ ಬಂದಿದೀನಿ ಮಾಲಾ. ಇನ್ನೊಂದ್ ದಪ ನನ್ ಕೈಲಾಗಲ್ಲ. ನೀನು ನೀರು ಬುಟ್ರೂ ಒಳೀಕ್ ಓಗ್ಬಾರ್ದು ಅಂತ ಮುಚ್ಚಿದೆ. ಮೋಸ ಆಗದಂಗೆ."

"ನಾನು ಬುಡ್ಲಿಲ್ಲ ರಾಜು."

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಬುಡೋ ಮನಸ್ಸಾಯ್ತು. ಕೈ ಮುಂದಕ್ಕೂ ಓಯ್ತು. ನಿನ್ನ ಮುಖ ನೋಡಿ ವಾಪಸ್ ತಗೊಂಡೆ." ಈಗ ಅವಳು ಅಳುತ್ತಿದ್ದಳು. "ನಿನ್ನ ದೇವರನ್ನ ನಾನು ನಂಬಲ್ಲ. ಆದ್ರೂ ಅವಳಿಗೆ ಮೋಸ ಮಾಡ್ಲಿಲ್ಲ. ನಂಬೋ ನೀನು ಮಾಡಿದೆ!"

ಮುನಿರಾಜು ಗೋಡೆಗೊರಗಿ ಕುಸಿದ. ಮೋಸ ಆಗಬಾರದೆಂದು ಮಾಡಿದ್ದೇ ಮೋಸವಾಗಿತ್ತು ಎಂಬುದು ಅವನಿಗೆ ಆಗಷ್ಟೇ ತಿಳಿಯಿತು. ಕಿವಿಯಲ್ಲಿ ಉಣ್ಣೆ ಇಟ್ಟ ದಿನವೆಲ್ಲ ಕರಿಯ ತಲೆ ಕೊಡವಿದ್ದೇ ಕೊಡವಿದ್ದು. ಬೆಳಗಾಗುವಷ್ಟರಲ್ಲಿ ಬೇಸತ್ತು ನಿಲ್ಲಿಸಿದ್ದ. ಯಾರೂ ಕೇಳದಿದ್ದಾಗ ಊಂ ಅಂದು, ಎಲ್ಲರೂ ಕೇಳಿದಾಗ ಸುಮ್ಮನಾದ ಸಾಕ್ಷಿ.

ಪಾಪಮ್ಮ ಕೋಲೂರಿ ಎದ್ದಳು. ಬೈಯುತ್ತಾಳೆಂದು ಇಬ್ಬರೂ ಕಾದರು.

"ಅಂಗಾದ್ರೆ ಅಮ್ಮ ಬ್ಯಾಡ ಅಂದಿಲ್ಲ," ಅಂದಳು ಮುದುಕಿ, ಲೆಕ್ಕಾಚಾರದ ದನಿಯಲ್ಲಿ. "ನಾವು ಸರ್ಯಾಗಿ ಕೇಳೇ ಇಲ್ಲ. ಬರೋ ಮಂಗ್ಳವಾರ ಇನ್ನೊಂದ್ ಟಗರು ನಿಲ್ಸವ. ಈ ಉಡ್ಗಿ ಕೈ ಶುದ್ಧ ಐತೆ. ಒದರ್ತದೆ ನೋಡು."

ಮಾಲಾ ಔಷಧಿ ಪೆಟ್ಟಿಗೆ ಮುಚ್ಚಿದಳು. "ನಾನು ಬರಲ್ಲ ಅಜ್ಜಿ. ಒದರಿದ್ರೂ ಒಂದು ಜೀವ ಓಗುತ್ತೆ, ಒದರದಿದ್ರೂ ಒಂದು ಜೀವ ಓಗುತ್ತೆ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಅವಳು ಬಾಗಿಲ ಕಡೆ ನಡೆದಳು. ಅಲ್ಲಿಂದ ಸ್ಕೂಟಿಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಅವಳಿಗದು ಸೇಲಂನಷ್ಟು ದೂರವಾಗಿತ್ತು.

"ನಾನೂ ಕೇಳಾಕಿಲ್ಲ ಅಜ್ಜಿ."

ಮಾಲಾ ನಿಂತಳು. ತಿರುಗುವ ಧೈರ್ಯವಾಗಲಿಲ್ಲ.

"ಏನಂದ್ಯಲಾ?"

"ಕೇಳಾಕಿಲ್ಲ." ಮುನಿರಾಜುವಿನ ಹಲ್ಲು ಕಟಕಟ ಎನ್ನುತ್ತಿತ್ತು, ಚಳಿಜ್ವರ ಬಂದವನ ಹಾಗೆ. "ಕೇಳಿ, ಅಮ್ಮ ಬ್ಯಾಡ ಅಂದ್ರೆ? ಆಗ್ಲೂ ನಾನು ಇವಳ್ನ ಬುಡಾಕಿಲ್ಲ. ಈ ದಿನಗಳಲ್ಲಿ ಅದ್ ನನಗೆ ಗೊತ್ತಾಗೋಗದೆ. ಬುಡಾಕಿಲ್ಲ ಅಂತ ಮನಸಲ್ಲಿ ಇಟ್ಕಂಡು ಕೇಳಾದು… ಅದೂ ಮೋಸನೇ ಅಲ್ವಾ ಅಜ್ಜಿ? ಒಂದ್ ದಪ ಮಾಡಿದೀನಿ. ಸಾಕು."

ಪಾಪಮ್ಮನ ಬಾಯಿ ತೆರೆದಿತ್ತು. "ನಿಮ್ಮಣ್ಣ ಏನಾದ ಗೊತ್ತಲ್ಲಾ…"

"ಗೊತ್ತು."

"ಗೊತ್ತಿದ್ದೂ?"

"ಗೊತ್ತಿದ್ದೂ."

ಮುದುಕಿ ಒಳಗೆ ಹೋಗಿ ಕದ ಹಾಕಿಕೊಂಡಳು. ಸದ್ದಾಗದ ಹಾಗೆ, ಸಾವಿನ ಮನೆಯಲ್ಲಿ ಹಾಕುವ ಹಾಗೆ.

ಮಾಲಾ ತಿರುಗಿ ಬಂದು ಅವನ ಪಕ್ಕದಲ್ಲಿ ಕೂತಳು. ಸೀರೆಗೆ ಗೊಬ್ಬರ ಮೆತ್ತಿತು. ಅವನ ಕೈ ಹಿಡಿದಳು, ಮಂಜುಗಡ್ಡೆ.

"ಬಯ ಆಗ್ತಿದೆಯಾ?"

"ಊಂ."

"ತುಂಬಾ?"

"ಈಗ್ಲೇ ನೀನು ಉಸಿರಾಡ್ತಿದೀಯಾ ಅಂತ ನೋಡ್ತಾ ಇವ್ನಿ." ಅವನು ನಗಲು ನೋಡಿದ, ಆಗಲಿಲ್ಲ. "ಇದು ಓಗಾಕಿಲ್ಲ ಮಾಲಾ. ನಿನಗೆ ಸಣ್ಣ ನೆಗಡಿ ಬಂದ್ರೂ ನಾನು ಇಂಗೇ ನಡುಗ್ತೀನಿ. ಪರವಾಗಿಲ್ವಾ?"

"ನಡುಗು," ಅಂದಳು ಅವಳು, ಅವನ ಹೆಗಲಿಗೆ ತಲೆಯಿಟ್ಟು. "ನನಗೂ ಬಯ ಐತೆ ರಾಜು."

"ನಿನಗ್ಯಾಕೆ? ನೀನು ನಂಬಾಕಿಲ್ವಲ್ಲ."

"ನೀನು ನಂಬ್ತೀಯಲ್ಲ… ಅದಕ್ಕೆ."

ಪೊಂಗಲ್ ಕಳೆದ ಮೇಲೆ ಸೇಲಂನಲ್ಲಿ ಮದುವೆಯಾಯಿತು. ಪಾಪಮ್ಮ ಬರಲಿಲ್ಲ.